ಎಳೆದರೆ ಚಲಿಸುವ ತ್ರಿಭುಜ

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬ ಪ್ರಮೇಯವನ್ನು ಕಲಿಸಹೊರಟ ಉಪಾಧ್ಯಾಯರು ಕರಿಹಲಗೆಯ ಮೇಲೆ ಒಂದು ತ್ರಿಭುಜವನ್ನು ಬರೆಯುತ್ತಾರೆ. ಅದರ ಪಾದ ಹಲಗೆಯ ಅಂಚಿಗೆ ಸಮಾಂತರವಾಗಿರುತ್ತದೆ, ಶೃಂಗ ಮೇಲ್ಮುಖವಾಗಿರುತ್ತದೆ, ಮೂರು ಕೋನಗಳೂ ಲಘುಕೋನಗಳಾಗಿರುತ್ತವೆ, ಎಡಬಲದ ಬಾಹುಗಳು ಹೆಚ್ಚುಕಡಿಮೆ ಸಮವಾಗಿರುತ್ತವೆ. ಬರೆದು ಮುಗಿಸಿದ ಮೇಲೆ ಅವರು ಆಡುವ ಮಾತಾದರೋ ‘ಯಾವುದೇ ತ್ರಿಭುಜವನ್ನು ತೆಗೆದುಕೊಂಡರೂ’ ಎಂದು ಮೊದಲಾಗುತ್ತದೆ. ಮಾತು ಜಗತ್ತಿನ ಸಮಸ್ತ ತ್ರಿಭುಜಗಳನ್ನು ಕುರಿತದ್ದು. ಕಣ್ಣ ಮುಂದಿರುವುದು ಒಂದೇ ಒಂದು, ಅದೂ ಎಲ್ಲ ಪುಸ್ತಕಗಳಲ್ಲಿಯೂ ಎಲ್ಲ ಹಲಗೆಗಳ ಮೇಲೆಯೂ ಕಾಣಿಸಿಕೊಳ್ಳುವ ಅದೇ ಸುಲಕ್ಷಣವಾದ ತ್ರಿಭುಜ. ಈ ಎರಡರ ನಡುವಣ ಅಂತರವನ್ನು ಮಗು ತನ್ನ ಕಲ್ಪನಾಶಕ್ತಿಯೊಂದರ ಬಲದಿಂದಲೇ ದಾಟಬೇಕು. ದಾಟಬಲ್ಲ ಮಕ್ಕಳು ಲೆಕ್ಕದಲ್ಲಿ ಜಾಣರೆನಿಸಿಕೊಳ್ಳುತ್ತಾರೆ. ದಾಟಲಾರದವರು ಪ್ರಮೇಯವನ್ನು ಉರುಹೊಡೆದು, ಪರೀಕ್ಷೆಯಲ್ಲಿ ಶೃಂಗಗಳ ಹೆಸರೋ ಚಿತ್ರದ ದಿಕ್ಕೋ ಸ್ವಲ್ಪ ಬದಲಾದೊಡನೆಯೇ ತೋಚದೆ ನಿಂತುಬಿಡುತ್ತಾರೆ.

ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಅಲೆಗ್ಸಾಂಡ್ರಿಯದ ಯೂಕ್ಲಿಡ್ ರೇಖಾಗಣಿತವನ್ನು ಕ್ರಮಬದ್ಧವಾದ ಶಾಸ್ತ್ರವಾಗಿ ನಿಲ್ಲಿಸಿದಂದಿನಿಂದ ಮೊನ್ನೆಮೊನ್ನೆಯವರೆಗೂ, ಮರಳಿನ ಮೇಲಾಗಲಿ ಕಾಗದದ ಮೇಲಾಗಲಿ ಹಲಗೆಯ ಮೇಲಾಗಲಿ, ಬರೆದ ಚಿತ್ರ ಬರೆದಂತೆಯೇ ನಿಂತಿರುತ್ತಿತ್ತು. ಅದನ್ನು ಹಿಡಿದು ಎಳೆಯಬಹುದು, ಎಳೆದಾಗ ಅದರ ಆಕಾರ ಮಾರ್ಪಟ್ಟರೂ ಅದನ್ನು ರಚಿಸಿದ ನಿಯಮಗಳು ಮಾರ್ಪಡದೆ ಉಳಿಯುವಂತೆ ಮಾಡಬಹುದು ಎಂಬ ಸಾಧ್ಯತೆ ಒದಗಿದುದು ಕಳೆದ ನಾಲ್ಕು ದಶಕಗಳಲ್ಲಿ, ಗಣಕಯಂತ್ರದ ಪರದೆಯ ಮೇಲೆ. ಅಂತರಜಾಲದ ಮೂಲಕ ಇಂದು ಯಾರ ಕೈಗಾದರೂ ಎಟುಕುವ ಗಣಿತಸಾಧನಗಳಲ್ಲಿ ನಾನಾ ಬಗೆಗಳುಂಟು. ಪಾಠವನ್ನು ವಿಡಿಯೋ ರೂಪದಲ್ಲಿ ತೋರಿಸುವವು ಕೆಲವು. ಪ್ರಶ್ನೆ ಕೇಳಿ, ಉತ್ತರ ಸರಿಯಾದರೆ ನಕ್ಷತ್ರ ಬೆಳಗಿಸಿ, ತಪ್ಪಾದರೆ ಕೆಂಪು ಗುರುತು ಹಾಕುವವು ಹಲವು. ಅವುಗಳಿಂದಲೂ ಪ್ರಯೋಜನವುಂಟು, ಆದರೆ ಮುದ್ರಿತ ಪುಸ್ತಕವೂ ಅಭ್ಯಾಸದ ಹಾಳೆಯೂ ಮಾಡುತ್ತಿದ್ದ ಕೆಲಸವನ್ನೇ ಅವು ತುಸು ಚುರುಕಾಗಿ ಮಾಡುತ್ತವೆಯೇ ಹೊರತು ಬೇರೇನನ್ನೂ ಮಾಡುವುದಿಲ್ಲ. ಇಲ್ಲಿ ವಿವರಿಸಬೇಕೆಂದು ನಾನು ಆರಿಸಿಕೊಂಡಿರುವುದು ಪುಸ್ತಕದಿಂದ ಎಂದಿಗೂ ಆಗದಿದ್ದ ಕೆಲಸವನ್ನು ಮಾಡುವ ಸಾಧನಗಳನ್ನು, ಅಂದರೆ ಒಂದು ತ್ರಿಭುಜಕ್ಕೂ ಎಲ್ಲ ತ್ರಿಭುಜಗಳಿಗೂ ನಡುವೆ ಇರುವ ಆ ಅಂತರವನ್ನು ಮಗು ತನ್ನ ಬೆರಳಿನಿಂದಲೇ ದಾಟುವಂತೆ ಮಾಡುವವುಗಳನ್ನು.

ಇವುಗಳಲ್ಲಿ ನಮ್ಮ ಶಾಲೆಗಳಿಗೆ ಹೆಚ್ಚು ಪರಿಚಿತವಾದದ್ದು ಜಿಯೋಜೆಬ್ರಾ. ಅದರ ಪರದೆಯ ಮೇಲೆ ಒಂದು ಚೌಕವನ್ನು ರಚಿಸಬೇಕೆಂದು ಎಂಟನೆಯ ತರಗತಿಯ ಮಗುವಿಗೆ ಹೇಳಿದರೆ ಏನು ನಡೆಯುತ್ತದೆಂಬುದನ್ನು ಸಮೀಪದಿಂದ ನೋಡೋಣ. ಮಗು ಮೊದಲು ಮಾಡುವ ಕೆಲಸವೆಂದರೆ ಕಣ್ಣಳತೆಯಿಂದ ನಾಲ್ಕು ಬಿಂದುಗಳನ್ನಿಟ್ಟು ಅವುಗಳನ್ನು ರೇಖೆಗಳಿಂದ ಸೇರಿಸುವುದು. ನೋಡುವುದಕ್ಕೆ ಅದು ಚೌಕವೇ. ಕಾಗದದ ಮೇಲಾಗಿದ್ದರೆ ಉಪಾಧ್ಯಾಯರು ಸರಿಯೆಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದರು. ಆದರೆ ಒಂದು ಮೂಲೆಯನ್ನು ಹಿಡಿದು ಎಳೆದೊಡನೆಯೇ ಚೌಕ ಚೌಕವಾಗಿ ಉಳಿಯದೆ ಯಾವುದೋ ವಕ್ರವಾದ ಚತುರ್ಭುಜವಾಗಿಬಿಡುತ್ತದೆ. ಎಳೆದರೂ ಕೆಡದ ಚೌಕ ಬೇಕಾದರೆ ಏನು ಮಾಡಬೇಕು? ಒಂದು ರೇಖಾಖಂಡವನ್ನೆಳೆದು, ಅದರ ಒಂದು ತುದಿಯಲ್ಲಿ ಲಂಬವನ್ನು ನಿಲ್ಲಿಸಿ, ಅದೇ ತುದಿಯನ್ನು ಕೇಂದ್ರವಾಗಿಟ್ಟುಕೊಂಡು ರೇಖಾಖಂಡದ ಉದ್ದವನ್ನೇ ತ್ರಿಜ್ಯವಾಗಿಸಿ ವೃತ್ತವನ್ನು ರಚಿಸಿ, ಆ ವೃತ್ತವೂ ಲಂಬವೂ ಸಂಧಿಸುವ ಬಿಂದುವನ್ನು ಮೂರನೆಯ ಮೂಲೆಯನ್ನಾಗಿ ಆರಿಸಿ, ಅಲ್ಲಿಂದ ಮೊದಲ ರೇಖಾಖಂಡಕ್ಕೆ ಸಮಾಂತರವನ್ನೆಳೆಯಬೇಕು. ಇನ್ನೊಂದು ತುದಿಯಿಂದಲೂ ಹಾಗೆಯೇ ಲಂಬವನ್ನೆತ್ತಿ ನಾಲ್ಕನೆಯ ಮೂಲೆಯನ್ನು ಪಡೆಯಬೇಕು. ಹೀಗೆ ರಚಿಸಿದ ಚೌಕದ ಮೊದಲೆರಡು ಮೂಲೆಗಳಲ್ಲಿ ಯಾವುದನ್ನು ಎಳೆದರೂ ಅದು ಹಿಗ್ಗುತ್ತದೆ, ಕುಗ್ಗುತ್ತದೆ, ತಿರುಗುತ್ತದೆ. ಚೌಕವಾಗಿರುವುದನ್ನು ಮಾತ್ರ ಬಿಡುವುದಿಲ್ಲ.

ಚೌಕದಂತೆ ಕಾಣುವುದು ಬೇರೆ, ಚೌಕವಾಗಿರುವುದು ಬೇರೆ ಎಂಬ ತಿಳಿವಳಿಕೆ ಇಷ್ಟು ಸ್ವಲ್ಪ ಕಾಲದಲ್ಲಿ, ಯಾರೂ ಬಾಯಿಬಿಟ್ಟು ಹೇಳದೆಯೇ, ಮಗುವಿಗೆ ದೊರೆಯುವುದು ಸಾಮಾನ್ಯವಾದ ಸಂಗತಿಯಲ್ಲ. ನೆದರ್ಲೆಂಡ್ಸಿನ ಗಣಿತಶಿಕ್ಷಕ ದಂಪತಿಗಳಾದ ಪಿಯೆರ್ ವಾನ್ ಹೀಲೆ ಮತ್ತು ಡಿನಾ ವಾನ್ ಹೀಲೆ 1957ರಲ್ಲಿ ಯೂಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧಗಳಲ್ಲಿ ಮಕ್ಕಳ ರೇಖಾಗಣಿತದ ತಿಳಿವು ಮೆಟ್ಟಿಲು ಮೆಟ್ಟಿಲಾಗಿ ಏರುವುದೆಂಬುದನ್ನು ತೋರಿಸಿಕೊಟ್ಟರು: ಮೊದಲ ಮೆಟ್ಟಿಲಿನಲ್ಲಿ ಮಗು ಆಕೃತಿಯನ್ನು ಅದರ ಒಟ್ಟು ನೋಟದಿಂದ ಗುರುತಿಸುತ್ತದೆ, ಎರಡನೆಯದರಲ್ಲಿ ಅದರ ಗುಣಧರ್ಮಗಳಿಂದ, ಆ ಗುಣಧರ್ಮಗಳು ಒಂದರಿಂದ ಒಂದು ಹುಟ್ಟುತ್ತವೆಂಬ ಅರಿವು, ಸಾಧನೆಯ ಅವಶ್ಯಕತೆ, ಇವೆಲ್ಲ ಇನ್ನೂ ಮೇಲಿನವು. ಮೂಲೆಯ ಮೇಲೆ ನಿಲ್ಲಿಸಿದ ಚೌಕವನ್ನು ಚೌಕವೆಂದು ಒಪ್ಪದೆ ‘ಡೈಮಂಡು’ ಎಂದು ಹೇಳುವ ಮಕ್ಕಳು ಎಲ್ಲ ಶಾಲೆಗಳಲ್ಲಿಯೂ ಇದ್ದಾರೆ. ಅವರು ಮೊದಲ ಮೆಟ್ಟಿಲಿನಲ್ಲಿರುವವರು. ನಮ್ಮ ತರಗತಿಗಳಲ್ಲಿ ಮೊದಲ ಮೆಟ್ಟಿಲಿನ ಮಗುವಿಗೆ ಮೂರನೆಯ ಮೆಟ್ಟಿಲಿನ ಪಾಠ ನಡೆಯುತ್ತಿರುತ್ತದೆ. ಎಳೆದು ನೋಡುವ ಚಿತ್ರ ಮೊದಲನೆಯದರಿಂದ ಎರಡನೆಯದಕ್ಕೆ ಏರುವುದಕ್ಕೆ ಕೈ ನೀಡುತ್ತದೆ. ಅದರ ಬೆಲೆ ಇರುವುದು ಅಲ್ಲಿ, ಬಣ್ಣಗಳಲ್ಲಿಯೂ ಅಲ್ಲ, ವೇಗದಲ್ಲಿಯೂ ಅಲ್ಲ.

ಈ ಆಲೋಚನೆಗೆ ಒಂದು ಪೂರ್ವಚರಿತ್ರೆಯುಂಟು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಪಿಯಾಜೆಯ ಜೊತೆಯಲ್ಲಿ ಕೆಲಸ ಮಾಡಿ, ಅನಂತರ ಅಮೆರಿಕದ ಎಂಐಟಿಯನ್ನು ಸೇರಿದ ಗಣಿತಜ್ಞ ಸೆಮೂರ್ ಪ್ಯಾಪರ್ಟ್, ವ್ಯಾಲಿ ಫೋಯರ್‌ಝೈಗ್, ಸಿಂಥಿಯಾ ಸಾಲೊಮನ್ ಮೊದಲಾದವರೊಡಗೂಡಿ 1967ರಲ್ಲಿ ಮಕ್ಕಳಿಗೆಂದೇ ಲೋಗೋ ಎಂಬ ಗಣಕಭಾಷೆಯನ್ನು ನಿರ್ಮಿಸಿದರು. ಅದರಲ್ಲಿ ‘ಆಮೆ’ಯೆಂಬ ಒಂದು ಗುರುತಿಗೆ ಮಗು ಅಪ್ಪಣೆ ಕೊಡುತ್ತದೆ: ಇಷ್ಟು ಹೆಜ್ಜೆ ಮುಂದೆ ನಡೆ, ಇಷ್ಟು ಡಿಗ್ರಿ ಬಲಕ್ಕೆ ತಿರುಗು. ನೂರು ಹೆಜ್ಜೆ ನಡೆ, 90 ಡಿಗ್ರಿ ತಿರುಗು ಎಂದು ನಾಲ್ಕು ಸಲ ಹೇಳಿದರೆ ಚೌಕ ಸಿದ್ಧವಾಗುತ್ತದೆ. ಸಮಬಾಹು ತ್ರಿಭುಜ ಬೇಕೆಂದು, ಅದರ ಕೋನ 60 ಡಿಗ್ರಿ ಎಂದು ಶಾಲೆಯಲ್ಲಿ ಕಲಿತ ಮಗು 60 ಡಿಗ್ರಿ ತಿರುಗಿಸುತ್ತದೆ. ಮೂರು ಹೆಜ್ಜೆಗಳ ಅನಂತರ ಪರದೆಯ ಮೇಲೆ ಇರುವುದು ತ್ರಿಭುಜವಲ್ಲ, ಬಾಯಿ ತೆರೆದ ಅರ್ಧ ಷಡ್ಭುಜ. ಆಮೆ ತಿರುಗುವುದು ಒಳಕೋನದಷ್ಟಲ್ಲ, ಹೊರಕೋನದಷ್ಟು, ಎಂದರೆ 120 ಡಿಗ್ರಿ ಎಂಬುದನ್ನು ಮಗು ತಾನೇ ಎದ್ದು ನಿಂತು, ನೆಲದ ಮೇಲೆ ನಡೆದು, ತಿರುಗಿ ನೋಡಿ ಕಂಡುಕೊಳ್ಳುತ್ತದೆ. ಎಷ್ಟೇ ಬಾಹುಗಳಿರಲಿ, ಅಡ್ಡಹಾಯದೆ ಒಂದು ಸುತ್ತು ಸುತ್ತಿ ಹೊರಟ ಜಾಗಕ್ಕೆ ಹೊರಟ ದಿಕ್ಕಿಗೇ ಮುಖಮಾಡಿ ಬಂದು ನಿಂತ ಆಮೆ ಒಟ್ಟು 360 ಡಿಗ್ರಿ ತಿರುಗಿರಲೇಬೇಕು ಎಂಬ ಸತ್ಯವೂ ಹೀಗೆಯೇ ಅದರ ಮೈಗೆ ತಿಳಿಯುತ್ತದೆ. ತಪ್ಪನ್ನು ಶಿಕ್ಷೆಗೆ ಕಾರಣವೆಂದು ಎಣಿಸದೆ ತಿದ್ದಿ ಮುಂದುವರಿಯುವುದಕ್ಕೆ ದಾರಿಯೆಂದು ಬಗೆಯುವ ಅಭ್ಯಾಸ ಮಕ್ಕಳಲ್ಲಿ ಬೇರೂರಬೇಕೆಂಬುದು ಪ್ಯಾಪರ್ಟರ ದೊಡ್ಡ ಹಂಬಲವಾಗಿತ್ತು; 1980ರಲ್ಲಿ ಪ್ರಕಟವಾದ ಅವರ ‘ಮೈಂಡ್‌ಸ್ಟಾರ್ಮ್ಸ್’ ಗ್ರಂಥ ಇದನ್ನೇ ಪ್ರತಿಪಾದಿಸುತ್ತದೆ.

ಎಳೆದರೆ ಚಲಿಸುವ ರೇಖಾಗಣಿತ ಬಂದುದು ಅದಾದ ಮೇಲೆ. 1980ರ ದಶಕದ ನಡುವಿನಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಜಾನ್-ಮರಿ ಲಾಬೋರ್ಡ್ ಮತ್ತು ಅವರ ಸಂಗಡಿಗರು ಕ್ಯಾಬ್ರಿ ಎಂಬ ತಂತ್ರಾಂಶವನ್ನು ಆರಂಭಿಸಿದರು. ಅಮೆರಿಕದಲ್ಲಿ ನಿಕೊಲಸ್ ಜಾಕಿವ್ ರಚಿಸಿದ ಜಿಯೋಮೀಟರ್ಸ್ ಸ್ಕೆಚ್‌ಪ್ಯಾಡ್ 1991ರಲ್ಲಿ ಹೊರಬಂದಿತು. ಇವೆರಡನ್ನೂ ಆಗ ಹಣ ಕೊಟ್ಟು ಕೊಳ್ಳಬೇಕಾಗಿತ್ತು. ಆಸ್ಟ್ರಿಯದ ಸಾಲ್ಜ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ತರುಣ ವಿದ್ಯಾರ್ಥಿ 2001ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಕೈಗೆತ್ತಿಕೊಂಡ ಜಿಯೋಜೆಬ್ರಾ ಎರಡು ಕಾರಣಗಳಿಂದ ಜಗತ್ತಿನ ಶಾಲೆಗಳನ್ನು ಗೆದ್ದಿತು. ಶಾಲೆಗಳಿಗೆ ಅದು ಉಚಿತವಾಗಿ ದೊರೆಯಿತು. ಉಪಾಧ್ಯಾಯರು ತಾವಾಗಿಯೇ ಮುಂದೆ ಬಂದು ಅದನ್ನು ತಮ್ಮ ತಮ್ಮ ಭಾಷೆಗಳಿಗೆ ಅನುವಾದಿಸಿದರು. ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು: ಅದು ರೇಖಾಗಣಿತವನ್ನೂ ಬೀಜಗಣಿತವನ್ನೂ ಒಂದೇ ಪರದೆಯ ಮೇಲೆ ಒಂದಕ್ಕೊಂದು ಕಟ್ಟಿ ನಿಲ್ಲಿಸಿತು. ರೇಖೆಯನ್ನು ಎಳೆದರೆ ಪಕ್ಕದಲ್ಲಿರುವ ಸಮೀಕರಣ ಬದಲಾಗುತ್ತದೆ; ಸಮೀಕರಣದ ಸಂಖ್ಯೆಯನ್ನು ತಿದ್ದಿದರೆ ರೇಖೆ ಕದಲುತ್ತದೆ.

ಈ ಕಟ್ಟು ಎಂಥ ಬೆರಗನ್ನು ತೋರಬಲ್ಲುದೆಂಬುದಕ್ಕೆ ವರ್ಗಸಮೀಕರಣದ ನಕ್ಷೆಯನ್ನು ನೋಡಬೇಕು. ಎಕ್ಸ್ ವರ್ಗದ ಸಹಗುಣಕ ಎ, ಎಕ್ಸ್‌ನ ಸಹಗುಣಕ ಬಿ, ಬರಿಯ ಸಂಖ್ಯೆ ಸಿ. ಮೂರಕ್ಕೂ ಒಂದೊಂದು ಸ್ಲೈಡರ್, ಎಂದರೆ ಬೆರಳಿನಿಂದ ಅತ್ತಿತ್ತ ಜರುಗಿಸಬಹುದಾದ ಗುಂಡಿ. ಸಿ ಯನ್ನು ಜರುಗಿಸಿದರೆ ಪರವಲಯ ನೇರವಾಗಿ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ, ಇದು ನಿರೀಕ್ಷಿತವೇ. ಎ ಯನ್ನು ಜರುಗಿಸಿದರೆ ಅದರ ಬಾಯಿ ಕಿರಿದಾಗುತ್ತದೆ, ಅಗಲವಾಗುತ್ತದೆ, ಋಣಸಂಖ್ಯೆಯಾದಾಗ ತಲೆಕೆಳಗಾಗುತ್ತದೆ. ಬಿ ಯನ್ನು ಜರುಗಿಸುವ ಮುನ್ನ ಏನಾದೀತೆಂದು ಮಕ್ಕಳನ್ನು ಕೇಳಿದರೆ, ಪಕ್ಕಕ್ಕೆ ಸರಿದೀತು ಎಂಬ ಉತ್ತರ ಬರುವುದು ಸಹಜ. ಆದರೆ ಅದು ಬರಿದೆ ಪಕ್ಕಕ್ಕೆ ಸರಿಯುವುದಿಲ್ಲ. ಸರಿಯುತ್ತ ಏರುತ್ತದೆ, ಏರಿ ಇಳಿಯುತ್ತದೆ. ಅದರ ಶೃಂಗಬಿಂದು ನಡೆದ ಹಾದಿಯನ್ನು ಪರದೆಯ ಮೇಲೆ ಉಳಿಸಿಕೊಂಡು ನೋಡಿದರೆ, ಆ ಹಾದಿಯೂ ಒಂದು ಪರವಲಯವೇ, ಮೂಲದಷ್ಟೇ ಅಗಲವಾದದ್ದು, ಮಗುಚಿಟ್ಟದ್ದು. ಹೀಗೇಕೆ ಎಂಬ ಪ್ರಶ್ನೆ ಹುಟ್ಟದ ಮಗುವುಂಟೆ? ಉತ್ತರ ಹತ್ತನೆಯ ತರಗತಿಯ ಬೀಜಗಣಿತಕ್ಕೆ ನಿಲುಕುವಂಥದೇ ಆಗಿದೆ. ಶೃಂಗದ ನಿರ್ದೇಶಾಂಕಗಳನ್ನು ಬರೆದು ಬಿ ಯನ್ನು ಲೋಪಗೊಳಿಸಿದರೆ ಸಾಕು. ಲೆಕ್ಕ ಮಾಡು ಎಂದು ಹೇಳಿ ಮಾಡಿಸುವುದಕ್ಕೂ, ಮಗು ತಾನು ಕಂಡ ಬೆರಗಿನ ಕಾರಣವನ್ನರಸಿ ಅದೇ ಲೆಕ್ಕವನ್ನು ಮಾಡುವುದಕ್ಕೂ ಇರುವ ಭೇದವನ್ನು ಪಾಠ ಹೇಳಿದವರೆಲ್ಲ ಬಲ್ಲರು.

ಈ ಬಗೆಯ ಸಾಧನಗಳಲ್ಲಿ ಎಲಿ ಲೂಬರಾಫ್ 2011ರಲ್ಲಿ ಆರಂಭಿಸಿದ ಡೆಸ್ಮಾಸ್ ನಕ್ಷೆಗಳಿಗೆ ಪ್ರಸಿದ್ಧವಾದದ್ದು. ಅದರ ಒಂದು ಗುಣವನ್ನು ನಾನು ಇಲ್ಲಿ ಎತ್ತಿ ಹೇಳಲೇಬೇಕು. ಕಣ್ಣು ಕಾಣದ ವಿದ್ಯಾರ್ಥಿಗೆ ನಕ್ಷೆಯನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆಗೆ ಆ ಸಾಧನ ಧ್ವನಿಯಿಂದ ಉತ್ತರ ಕೊಡುತ್ತದೆ: ವಕ್ರರೇಖೆಯ ಮೇಲೆ ಎಡದಿಂದ ಬಲಕ್ಕೆ ಸಾಗುವಾಗ ರೇಖೆ ಏರಿದಲ್ಲಿ ಶ್ರುತಿ ಏರುತ್ತದೆ, ಇಳಿದಲ್ಲಿ ಇಳಿಯುತ್ತದೆ. ಪರವಲಯವನ್ನು ಕಿವಿಯಿಂದ ಕೇಳಿ, ಅದರ ತಳ ಎಲ್ಲಿದೆಯೆಂದು ತಿಳಿಯುವುದು ಸಾಧ್ಯವಾಗಿದೆ. ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಾರಿತೋಷಕ ಪಡೆದ ಕಾರ್ಲ್ ವೀಮನ್ ಮರುವರ್ಷವೇ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ಪ್ರಾರಂಭಿಸಿದ ಫೆಟ್ ಯೋಜನೆಯೂ ಗಮನಾರ್ಹವಾದದ್ದು. ಮೊದಮೊದಲು ಭೌತಶಾಸ್ತ್ರಕ್ಕೆ ಮೀಸಲಾಗಿದ್ದ ಅದು ಈಗ ಭಿನ್ನರಾಶಿ, ವಿಸ್ತೀರ್ಣ, ಸಮೀಕರಣಗಳ ತನಕ ಹಬ್ಬಿದೆ. ತಕ್ಕಡಿಯ ಎರಡು ತಟ್ಟೆಗಳಲ್ಲಿ ತೂಕಗಳನ್ನಿಟ್ಟು ತೆಗೆದು ಸಮೀಕರಣವನ್ನು ಬಿಡಿಸುವ ಅದರ ಪಾಠ ಆರೇಳನೆಯ ತರಗತಿಯವರಿಗೆ ಹೇಳಿಮಾಡಿಸಿದಂತಿದೆ. ಆ ಯೋಜನೆಯ ಪಾಠಗಳಲ್ಲಿ ಕೆಲವು ಕನ್ನಡದಲ್ಲಿಯೂ ದೊರೆಯುತ್ತವೆ.

ಇಷ್ಟೆಲ್ಲ ಗುಣವನ್ನು ಹೇಳಿದ ಮೇಲೆ ಈ ಸಾಧನಗಳು ಏನನ್ನು ಮಾಡಲಾರವು ಎಂಬುದನ್ನೂ ಹೇಳಬೇಕು. ಒಂಬತ್ತನೆಯ ತರಗತಿಯ ಪಠ್ಯದಲ್ಲಿ ಒಂದು ಲೆಕ್ಕವುಂಟು: ಯಾವುದೇ ಚತುರ್ಭುಜದ ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಕ್ರಮವಾಗಿ ಸೇರಿಸಿದರೆ ಸಮಾಂತರ ಚತುರ್ಭುಜವಾಗುತ್ತದೆ. ಫ್ರಾನ್ಸಿನ ಪಿಯೆರ್ ವಾರಿನ್ಯೋನ್ ಕಂಡ ಈ ಸತ್ಯ ಆತನ ಮರಣಾನಂತರ 1731ರಲ್ಲಿ ಅಚ್ಚಾಯಿತು. ಪರದೆಯ ಮೇಲೆ ಇದನ್ನು ರಚಿಸಿ ಹೊರಗಿನ ಚತುರ್ಭುಜದ ಮೂಲೆಯನ್ನು ಎತ್ತ ಎಳೆದರೂ, ಒಳಕ್ಕೆ ತಗ್ಗಿಸಿದರೂ, ಬಾಹುಗಳು ಒಂದನ್ನೊಂದು ಕತ್ತರಿಸುವಂತೆ ತಿರುಚಿದರೂ, ಒಳಗಿನ ಆಕೃತಿ ತನ್ನ ಸಮಾಂತರತೆಯನ್ನು ಬಿಟ್ಟುಕೊಡುವುದಿಲ್ಲ. ಮಕ್ಕಳಿಗೆ ನಂಬಿಕೆ ಹುಟ್ಟುತ್ತದೆ. ಪ್ರಮೇಯವನ್ನು ತಾವೇ ಕಂಡೆವೆಂಬ ಹಿಗ್ಗೂ ಹುಟ್ಟುತ್ತದೆ. ಆದರೆ ಸಾವಿರ ಸಲ ಎಳೆದು ನೋಡಿದರೂ ಕಂಡದ್ದು ಸಾವಿರ ಚತುರ್ಭುಜಗಳೇ ಹೊರತು ಎಲ್ಲ ಚತುರ್ಭುಜಗಳಲ್ಲ. ಹೊರಗಿನ ಆಕೃತಿಗೆ ಒಂದು ಕರ್ಣವನ್ನೆಳೆದು, ತ್ರಿಭುಜದ ಎರಡು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ರೇಖೆ ಮೂರನೆಯ ಬಾಹುವಿಗೆ ಸಮಾಂತರವೂ ಅದರ ಅರ್ಧವೂ ಆಗಿರುತ್ತದೆಂಬುದನ್ನು ನೆನೆದು, ಒಳಗಿನ ಎದುರುಬದುರಿನ ಎರಡು ಬಾಹುಗಳೂ ಆ ಒಂದೇ ಕರ್ಣಕ್ಕೆ ಸಮಾಂತರ, ಅದರದೇ ಅರ್ಧ, ಆದಕಾರಣ ಪರಸ್ಪರ ಸಮ ಎಂದು ಕಂಡಾಗಲೇ ಮಾತು ಮುಗಿಯುವುದು. ಆ ಕರ್ಣವನ್ನು ಯಂತ್ರ ತಾನಾಗಿ ಎಳೆಯಲಿಲ್ಲ. ಎಳೆಯಬೇಕೆಂದು ಒಂದು ಮನಸ್ಸಿಗೆ ಹೊಳೆಯಬೇಕಾಯಿತು.

ಪರದೆಯನ್ನೇ ಪ್ರಮಾಣವೆಂದು ಹಿಡಿದರೆ ಮೋಸಹೋಗುವುದೂ ಉಂಟು. ಕೋನ 90.001 ಡಿಗ್ರಿಯಾಗಿದ್ದರೂ ಎರಡು ದಶಮಾಂಶ ಸ್ಥಾನಗಳಿಗೆ ಸರಿಹೊಂದಿಸಿ ತೋರಿಸುವ ತಂತ್ರಾಂಶ 90 ಎಂದೇ ಬರೆಯುತ್ತದೆ. ಇದಕ್ಕಿಂತ ಸೊಗಸಾದ ಉದಾಹರಣೆ ಒಂದುಂಟು. ವೃತ್ತದ ಪರಿಧಿಯ ಮೇಲೆ ಎರಡು ಬಿಂದುಗಳನ್ನಿಟ್ಟು ಜ್ಯಾವೊಂದರಿಂದ ಸೇರಿಸಿದರೆ ವೃತ್ತ 2 ಭಾಗವಾಗುತ್ತದೆ, ಮೂರು ಬಿಂದುಗಳನ್ನಿಟ್ಟು ಪ್ರತಿಯೊಂದನ್ನೂ ಪ್ರತಿಯೊಂದಕ್ಕೆ ಸೇರಿಸಿದರೆ 4, ನಾಲ್ಕಕ್ಕೆ 8, ಐದಕ್ಕೆ 16. ಆರು ಬಿಂದುಗಳಿಗೆ ಎಷ್ಟು? ತರಗತಿಯೆಲ್ಲ ಒಂದೇ ಕಂಠದಿಂದ 32 ಎನ್ನುತ್ತದೆ. ಸಮಷಡ್ಭುಜದ ಮೂಲೆಗಳಲ್ಲಿ ಅಚ್ಚುಕಟ್ಟಾಗಿ ಆರು ಬಿಂದುಗಳನ್ನಿಟ್ಟು ಎಣಿಸಿದರೆ ದೊರೆಯುವುದು 30. ಆಗ ಒಂದು ಬಿಂದುವನ್ನು ಪರಿಧಿಯ ಮೇಲೆ ಸ್ವಲ್ಪವೇ ಸರಿಸಬೇಕು. ನಡುವಿನಲ್ಲಿ ಒಂದೇ ಕಡೆ ಸೇರಿದ್ದ ಮೂರು ಕರ್ಣಗಳು ಬಿಡಿಸಿಕೊಂಡು, ಅವುಗಳ ನಡುವೆ ಒಂದು ಪುಟ್ಟ ತ್ರಿಭುಜ ತೆರೆದುಕೊಳ್ಳುತ್ತದೆ. ಈಗ 31. ಇನ್ನು ಎಷ್ಟು ಎಳೆದರೂ 32 ಆಗುವುದಿಲ್ಲ, ಆಗುವುದು ಸಾಧ್ಯವೂ ಇಲ್ಲ. ನಾಲ್ಕು ಸಲ ನಿಜವಾದದ್ದು ಐದನೆಯ ಸಲವೂ ನಿಜವಾಗಬೇಕೆಂಬ ನಿಯಮವಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವನ್ನು ನಾನರಿಯೆ. ಸಾಧನೆ ಏಕೆ ಬೇಕೆಂದು ಕೇಳುವ ವಿದ್ಯಾರ್ಥಿಗೆ ಈ ಒಂದು ಚಿತ್ರ ಸಾಕಾದ ಉತ್ತರ.

ಆದುದರಿಂದ ಈ ಸಾಧನ ಯಾರ ಕೈಯಲ್ಲಿದೆ, ಅವರು ಅದನ್ನು ಹೇಗೆ ಬಳಸುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಉಪಾಧ್ಯಾಯರೇ ಎಲ್ಲವನ್ನೂ ಎಳೆದು ತೋರಿಸಿ, ‘ನೋಡಿದಿರಾ, ಸಮಾಂತರವಾಗಿದೆ’ ಎಂದು ತಾವೇ ಹೇಳಿ ಮುಗಿಸಿದರೆ ಅದು ಬೆಳಕಿನಲ್ಲಿ ಬರೆದ ಕರಿಹಲಗೆಯಷ್ಟೇ ಆದೀತು. ಎಳೆಯುವ ಮುನ್ನ ಒಂದು ನಿಮಿಷ ನಿಲ್ಲಿಸಿ, ಏನಾಗುತ್ತದೆಂದು ಊಹಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರೆಂದು ಮಕ್ಕಳಿಗೆ ಹೇಳುವ ಉಪಾಧ್ಯಾಯರ ಕೈಯಲ್ಲಿ ಅದೇ ಪರದೆ ಬೇರೆಯೇ ಆಗುತ್ತದೆ. ಊಹೆಯನ್ನು ಬರೆದಿಟ್ಟ ಮಗು ಫಲಿತಾಂಶಕ್ಕಾಗಿ ಕಾತರದಿಂದ ಕಾಯುತ್ತದೆ. ಊಹೆ ತಪ್ಪಿದಾಗ ಕಾರಣವನ್ನು ಹುಡುಕುತ್ತದೆ. ಇದಕ್ಕೆ ಮಗುವಿಗೊಂದರಂತೆ ಯಂತ್ರಗಳು ಬೇಕಿಲ್ಲ. ಐವತ್ತು ಮಕ್ಕಳ ತರಗತಿಗೆ ಒಂದು ಲ್ಯಾಪ್‌ಟಾಪು, ಒಂದು ಪ್ರೊಜೆಕ್ಟರು ಸಾಕು. ಜಿಯೋಜೆಬ್ರಾವನ್ನು ಒಮ್ಮೆ ಇಳಿಸಿಕೊಂಡರೆ ಅಂತರಜಾಲವಿಲ್ಲದೆಯೂ ಅದು ನಡೆಯುತ್ತದೆ. ಕೈವಾರ, ಅಳತೆಪಟ್ಟಿ, ಕೋನಮಾಪಕಗಳನ್ನು ಮಾತ್ರ ಮೂಲೆಗೆ ತಳ್ಳಕೂಡದು. ಕೈವಾರದ ಮೊನೆಯನ್ನು ಊರಿ ವೃತ್ತವನ್ನೆಳೆದ ಕೈಗೆ ತ್ರಿಜ್ಯವೆಂಬುದು ಏನೆಂದು ತಿಳಿದಿರುತ್ತದೆ. ಆ ತಿಳಿವಿದ್ದರೇ ಪರದೆಯ ಮೇಲಿನ ವೃತ್ತಕ್ಕೆ ಅರ್ಥ.

ನಮ್ಮ ರಾಜ್ಯದಲ್ಲಿ ಈ ದಿಶೆಯಲ್ಲಿ ಶ್ರದ್ಧೆಯಿಂದ ನಡೆದ ಕೆಲಸವುಂಟು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ 2010ರ ದಶಕದಲ್ಲಿ ಸರ್ಕಾರಿ ಪ್ರೌಢಶಾಲೆಗಳ ವಿಷಯಶಿಕ್ಷಕರನ್ನು ಒಂದೆಡೆ ಸೇರಿಸಿ, ಜಿಯೋಜೆಬ್ರಾದಂಥ ಸಾಧನಗಳಲ್ಲಿ ತರಬೇತಿ ಕೊಟ್ಟು, ಅವರು ರಚಿಸಿದ ಪಾಠಗಳನ್ನು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಹೆಸರಿನಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಎಲ್ಲರಿಗೂ ತೆರೆದಿಟ್ಟರು. ನೆರೆಯ ಕೇರಳ ಇನ್ನೂ ಮುಂದೆ ಹೋಗಿ, ತನ್ನ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಇಂಥ ಮುಕ್ತ ತಂತ್ರಾಂಶವನ್ನು ಪ್ರೌಢಶಾಲೆಯ ಪಠ್ಯದೊಳಕ್ಕೇ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರ ಲಾಭವನ್ನು ಪಡೆದಿದ್ದಾರೆ. ಪಾಠವನ್ನು ರಚಿಸುವವರು ದೂರದ ಕಂಪನಿಯವರಾಗಿರದೆ ತರಗತಿಯಲ್ಲಿ ನಿಲ್ಲುವ ಉಪಾಧ್ಯಾಯರೇ ಆಗಿರುವುದು ಈ ಎರಡು ಪ್ರಯತ್ನಗಳ ಹೆಚ್ಚುಗಾರಿಕೆ.

ಅದು ಏಕೆ ಮುಖ್ಯವೆಂಬುದನ್ನು ಇತ್ತೀಚಿನ ಎರಡು ಘಟನೆಗಳು ತಿಳಿಸಿವೆ. ಫ್ಲ್ಯಾಶ್ ಎಂಬ ತಂತ್ರವನ್ನು ನಂಬಿ ಎಷ್ಟೋ ವರ್ಷಗಳಿಂದ ರಚಿತವಾಗಿದ್ದ ಗಣಿತಪಾಠಗಳಲ್ಲಿ ಬಹಳಷ್ಟು, 2020ರ ಕೊನೆಗೆ ಆ ತಂತ್ರಕ್ಕೆ ಬೆಂಬಲ ನಿಂತೊಡನೆ ತೆರೆಯದಂತಾದವು. ಇನ್ನೊಂದು, 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೈಜೂಸ್ ಕಂಪನಿ ಜಿಯೋಜೆಬ್ರಾವನ್ನು ಕೊಂಡುಕೊಂಡಿತು. ಆ ಕಂಪನಿಯೇ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಕೋಟ್ಯಂತರ ಮಕ್ಕಳ ಪಾಠಕ್ಕೆ ಆಧಾರವಾದ ಸಾಧನದ ಭವಿಷ್ಯ ಒಂದು ವ್ಯಾಪಾರಸಂಸ್ಥೆಯ ಏರಿಳಿತಕ್ಕೆ ಸಿಕ್ಕಿಕೊಳ್ಳಬಾರದು. ಪಠ್ಯಪುಸ್ತಕವನ್ನು ಸರ್ಕಾರ ಹೇಗೆ ತನ್ನ ಹೊಣೆಯೆಂದು ಭಾವಿಸಿ ಅಚ್ಚುಹಾಕಿಸುತ್ತದೆಯೋ ಹಾಗೆಯೇ ಇಂಥ ಮುಕ್ತ ಸಾಧನಗಳನ್ನೂ ಅವುಗಳ ಕನ್ನಡ ಪಾಠಗಳನ್ನೂ ಪೋಷಿಸಿ ಉಳಿಸುವುದು ತನ್ನ ಹೊಣೆಯೆಂದು ಒಪ್ಪಿಕೊಳ್ಳಬೇಕೆಂದು ನನ್ನ ದೃಢವಾದ ಅಭಿಪ್ರಾಯ.

ಹೈಸ್ಕೂಲಿನಲ್ಲಿ ಓದುವ ಮಗ ಅಥವಾ ಮಗಳಿರುವ ಓದುಗರಲ್ಲಿ ಒಂದು ಬಿನ್ನಹವುಂಟು. ಮನೆಯಲ್ಲಿರುವ ಫೋನಿನಲ್ಲಿಯೇ ಜಿಯೋಜೆಬ್ರಾವನ್ನು ತೆರೆದು ಒಂದು ತ್ರಿಭುಜವನ್ನು ರಚಿಸಲು ಮಗುವಿಗೆ ಹೇಳಿ. ಪ್ರತಿಯೊಂದು ಶೃಂಗದಿಂದಲೂ ಎದುರಿನ ಬಾಹುವಿಗೆ ಲಂಬರೇಖೆಯನ್ನು ಎಳೆಯಿಸಿ. ಮೂರೂ ಒಂದೇ ಬಿಂದುವಿನಲ್ಲಿ ಕೂಡುವುದನ್ನು ಇಬ್ಬರೂ ನೋಡಿ. ಅನಂತರ ಒಂದು ಶೃಂಗವನ್ನು ಹಿಡಿದು ಮೆಲ್ಲನೆ ಎಳೆಯುತ್ತ ಹೋದರೆ ಆ ಬಿಂದು ತ್ರಿಭುಜದ ಹೊರಕ್ಕೆ ನಡೆದುಬಿಡುತ್ತದೆ. ಅದು ಗಡಿಯನ್ನು ದಾಟಿದ್ದು ಯಾವ ಕ್ಷಣದಲ್ಲಿ, ಆಗ ತ್ರಿಭುಜ ಎಂಥದಾಗಿತ್ತು ಎಂದು ಕೇಳಿ; ಉತ್ತರವನ್ನು ನೀವು ಹೇಳಿಬಿಡದೆ, ಮಗು ಎಳೆದು ನೋಡಿ, ಕೋನವನ್ನು ಅಳೆದು, ಕಾರಣ ಸಹಿತ ತಾನೇ ಹೇಳುವವರೆಗೆ ದಯವಿಟ್ಟು ಕಾಯಿರಿ.